ಚುಕ್ಕಿ ಇದ್ದ ಬೋಲ್ಟು

ಬೆಳಿಗ್ಗೆ ಎಂಟಕ್ಕೆ ಸ್ಪ್ಯಾನರ್ ಹಿಡಿದು ಕೂತ ಮೇಸ್ತ್ರಿ ಹನ್ನೊಂದಾದರೂ ಎದ್ದಿರಲಿಲ್ಲ. ಬಿಚ್ಚಬೇಕಾಗಿದ್ದದ್ದು ನಾಲ್ಕೇ ಬೋಲ್ಟು. ನಾಲ್ಕರಲ್ಲಿ ಒಂದೂ ಜಪ್ಪಯ್ಯ ಅಂದರೂ ಅಲುಗಿರಲಿಲ್ಲ.

ಮೋಟಾರು ಅವನ ಅಕ್ಕನದು. ದೋಣಿಯ ಹಿಂಬದಿಗೆ ತಗುಲಿಸುವ, ಇಪ್ಪತ್ತೆರಡು ವರ್ಷದ ಹಳೆಯ ಮೋಟಾರು. ಹೊಳೆ ಕಡಲಿಗೆ ಸೇರುವಲ್ಲಿ, ಈ ದಡದಿಂದ ಆ ದಡದ ಕಾರ್ಖಾನೆಗೆ ದಿನಕ್ಕೆ ಹತ್ತು ಬಾರಿ ಜನರನ್ನು ದಾಟಿಸುತ್ತಿದ್ದದ್ದು ಅದೇ. ಈಗ ಮೇಸ್ತ್ರಿಯ ತಗಡಿನ ಶೆಡ್ಡಿನಲ್ಲಿ ಮರದ ಸ್ಟ್ಯಾಂಡಿನ ಮೇಲೆ ನೇತಾಡುತ್ತಿತ್ತು. ಇಂಜಿನ್ನಿಗೇನೂ ಆಗಿರಲಿಲ್ಲ. ಕೆಳಗಿನ ಗೇರ್ ಡಬ್ಬಿಯ ಮೇಲೆ ಒಂದು ರಬ್ಬರ್ ರೆಕ್ಕೆಯ ಚಕ್ರ ಇರುತ್ತದೆ. ಹೊಳೆಯ ನೀರನ್ನು ಮೇಲಕ್ಕೆ ತಳ್ಳಿ ಇಂಜಿನ್ನನ್ನು ತಂಪಾಗಿಡುವುದು ಅದರ ಕೆಲಸ. ಆ ನೀರು ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮುತ್ತಿದ್ದರೆ ಎಲ್ಲ ಸರಿಯಿದೆ ಅಂತ ಲೆಕ್ಕ. ಹದಿನೈದು ದಿನದಿಂದ ತೊಟ್ಟಿಕ್ಕುತ್ತಿತ್ತು, ಚಿಮ್ಮುತ್ತಿರಲಿಲ್ಲ. "ಇದಕ್ಕೂ ಉಚ್ಚೆ ಕಟ್ಟಿದೆ ಕಣೋ, ನಿಮ್ಮ ಭಾವನ ಹಾಗೆ," ಅಂತ ಅಕ್ಕ ನಿನ್ನೆ ಮೋಟಾರನ್ನು ತಳ್ಳುಗಾಡಿಯಲ್ಲಿ ತಂದು ನಿಲ್ಲಿಸಿದಾಗಲೇ ರೋಗದ ವಿವರ ಕೊಟ್ಟಿದ್ದಳು. ಚಕ್ರ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಆದರೆ ಡಬ್ಬಿ ಕೆಳಗಿಳಿಯಬೇಕು. ಇಳಿಯಬೇಕಾದರೆ ಈ ನಾಲ್ಕು ಮಹಾಶಯರು ಮನಸ್ಸು ಮಾಡಬೇಕು.

ನಾಳೆ ಬೆಳಿಗ್ಗೆ ಹತ್ತಕ್ಕೆ ದೋಣಿ ಕಚೇರಿಯ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ನೋಟೀಸಿನಲ್ಲಿ ಇದ್ದದ್ದು ಎರಡೇ ಸಾಲು: ಮೋಟಾರು ಸುಸ್ಥಿತಿಯಲ್ಲಿ ಇರದಿದ್ದರೆ ದಾಟಿಸುವ ಪರವಾನಗಿ ರದ್ದು, ದಾರಿ ದೊಡ್ಡ ದೋಣಿಯವರಿಗೆ. ಇಪ್ಪತ್ತಾರು ವರ್ಷ ಆ ಹೆಂಗಸು ಒಬ್ಬರನ್ನೂ ನೀರಿಗೆ ಕೆಡವದೆ ದಾಟಿಸಿದ್ದಾಳೆ ಅನ್ನುವುದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಕಾಗದಗಳಿಗೆ ಮುಂದಿನ ತಾರೀಖು ಗೊತ್ತಿರುತ್ತದೆ, ಹಿಂದಿನ ವರ್ಷಗಳು ಗೊತ್ತಿರುವುದಿಲ್ಲ.

ಈ ಮೇಸ್ತ್ರಿಯನ್ನು ದಡದವರೆಲ್ಲ ಚುಕ್ಕಿ ಮೇಸ್ತ್ರಿ ಅನ್ನುತ್ತಾರೆ. ತಾನು ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಯ ಮೇಲೂ ಪಂಚು ಇಟ್ಟು, ಸುತ್ತಿಗೆಯಿಂದ ಒಂದೇ ಏಟು ಹಾಕಿ, ಸಾಸಿವೆಯಷ್ಟು ಚುಕ್ಕಿ ಮೂಡಿಸುವುದು ಅವನ ಕ್ರಮ. ಇದು ನನ್ನ ಕೈ, ಇದಕ್ಕೆ ನಾನು ಜವಾಬ್ದಾರ ಅಂತ ಅರ್ಥ. ಮೂವತ್ತೈದು ವರ್ಷದಿಂದ ಆ ಚುಕ್ಕಿಯ ಜಂಬದಲ್ಲೇ ಅವನು ಬೇರೆ ಮೆಕ್ಯಾನಿಕ್ಕುಗಳನ್ನು ಬೈದುಕೊಂಡು ಬಂದಿದ್ದ.

ಇವತ್ತು ಬೈಗುಳದ ಪಾಲು ಆಚೆ ದಡದ ಗ್ಯಾರೇಜಿಗೆ. ಐದಾರು ವರ್ಷದಿಂದ ಅಕ್ಕ ಮೋಟಾರನ್ನು ಅಲ್ಲಿಗೇ ಒಯ್ಯುತ್ತಿದ್ದಳು. ತಮ್ಮನ ಶೆಡ್ಡು ದೋಣಿ ಕಟ್ಟುವ ಕಂಬದಿಂದ ನೂರು ಹೆಜ್ಜೆಯಲ್ಲಿದ್ದರೂ ಹೊಳೆ ದಾಟಿ ಅಲ್ಲಿಗೆ ಹೋಗುತ್ತಿದ್ದಳೆಂದರೆ ಅದಕ್ಕೆ ಕಾರಣವಿತ್ತು; ಆ ಕಾರಣವನ್ನು ಇಬ್ಬರೂ ಬಾಯಿಗೆ ತರುತ್ತಿರಲಿಲ್ಲ. ನಿನ್ನೆ ಅವಳು ಬಂದದ್ದೂ ಸಾಹೇಬರ ನೋಟೀಸು ದೂಡಿತೆಂದೇ ಹೊರತು ತಮ್ಮನ ಮೇಲಿನ ಪ್ರೀತಿ ಉಕ್ಕಿ ಅಲ್ಲ.

"ಈ ಬೋಲ್ಟು ಹಾಕಿದವನಿಗೆ ಮಾನ ಮರ್ಯಾದೆ ಇದೆಯಾ?" ಅಂದ ಮೇಸ್ತ್ರಿ. "ಉಪ್ಪುನೀರಲ್ಲಿ ಓಡೋ ಮೋಟಾರಿಗೆ ಗ್ರೀಸ್ ಹಚ್ಚದೆ ಒಣಾ ಬೋಲ್ಟು ಹಾಕಿದ್ದಾನೆ. ಒಂದು ಬೆರಳು ಗ್ರೀಸ್ ಅಕ್ಕ, ಒಂದೇ ಬೆರಳು."

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಂಡಳು.

ಬೋಲ್ಟು ಸ್ಟೀಲು, ಅದು ಕೂತ ಮೈ ಅಲ್ಯೂಮಿನಿಯಮ್ಮು. ನಡುವೆ ಉಪ್ಪು ಸೇರಿತೆಂದರೆ ಬಿಳಿ ಪುಡಿ ಹುಟ್ಟಿ ಎರಡನ್ನೂ ಉಡದ ಪಟ್ಟಿನಲ್ಲಿ ಹಿಡಿದುಬಿಡುತ್ತದೆ. ಅಂಥದ್ದನ್ನು ಬಿಡಿಸುವುದಕ್ಕೆ ಅವನದೇ ಒಂದು ರೀತಿಯಿತ್ತು. ಮೊದಲು ಎಣ್ಣೆ ಬಿಡಬೇಕು. ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಲೇ ಇರಬೇಕು. ಆಮೇಲೆ ಬಿಚ್ಚುವ ಕಡೆಗಲ್ಲ, ಇನ್ನೂ ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಬೇಕು. ಕಿರ್ ಅಂತ ಒಂದು ಸದ್ದು ಬಂದರೆ ಪಟ್ಟು ಮುರಿಯಿತು. ಆಗ ಹಿಂದಕ್ಕೆ. ಸದ್ದು ಬರುವ ಮೊದಲೇ ಅವಸರಪಟ್ಟು ಪೈಪು ಸಿಕ್ಕಿಸಿ ಜಗ್ಗಿದರೆ ತಲೆ ತುಂಡಾಗಿ ಕೈಗೆ ಬರುತ್ತದೆ.

ರಾತ್ರಿಯೆಲ್ಲ ಎಣ್ಣೆ ಕುಡಿಸಿಟ್ಟಿದ್ದ. ತಟ್ಟಿ ತಟ್ಟಿ ಮೊಣಕೈ ನೋಯುತ್ತಿತ್ತು. ಸ್ಪ್ಯಾನರ್ ಎರಡು ಸಲ ಜಾರಿ ಗೆಣ್ಣು ಸುಲಿದಿತ್ತು. ಹನ್ನೊಂದೂವರೆಗೆ ಮೊದಲನೆಯದು ಕಿರ್ ಅಂದಿತು. ಅದನ್ನು ಹಿಂದೆ ಮುಂದೆ ಆಡಿಸಿ ಈಚೆಗೆ ತರುವಷ್ಟರಲ್ಲಿ ಇನ್ನೊಂದು ಗಂಟೆ ಕಳೆಯಿತು.

"ಒಂದಕ್ಕೆ ಅರ್ಧ ದಿನ," ಅಂದಳು ಅಕ್ಕ. "ನಾಲ್ಕಕ್ಕೆ ಎಷ್ಟೋ?"

"ಬಾಯಿ ಮುಚ್ಕೊಂಡು ಕೂತಿದ್ರೆ ಬೇಗ ಆಗುತ್ತೆ."

"ನಾನು ಮುಚ್ಕೊಂಡೇ ಇದ್ದೆನಲ್ಲ, ಆರು ವರ್ಷ."

ಅವನು ಗ್ಯಾಸಿನ ಬತ್ತಿ ಹೊತ್ತಿಸಿದ. ಮೈ ಕಾದರೆ ಅಲ್ಯೂಮಿನಿಯಮ್ಮು ಬೋಲ್ಟಿಗಿಂತ ಹೆಚ್ಚು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಮೋಟಾರಿಗೆ ಹೋದ ವರ್ಷ ದಡದ ಪೇಂಟರು ದಪ್ಪ ನೀಲಿ ಬಣ್ಣ ಮೆತ್ತಿದ್ದ. ಬೋಲ್ಟು ಗೀಲ್ಟು ಅಂತ ನೋಡದೆ ಎಲ್ಲದರ ಮೇಲೂ. ಎರಡನೆಯ ಬೋಲ್ಟಿನ ಸುತ್ತ ಬೆಂಕಿ ಆಡಿಸಿದಾಗ ಆ ಬಣ್ಣ ಗುಳ್ಳೆ ಎದ್ದು, ಸುರುಟಿ, ಸಿಪ್ಪೆಯ ಹಾಗೆ ಬಿತ್ತು. ಒರೆಸಿದ. ತಲೆಯ ನಟ್ಟನಡುವೆ ಸಾಸಿವೆಯಷ್ಟು ಚುಕ್ಕಿ.

ಬತ್ತಿ ಆರಿಸಿದ. ಮೊದಲು ಬಿಚ್ಚಿಟ್ಟ ಬೋಲ್ಟನ್ನು ಎತ್ತಿಕೊಂಡು ಉಗುರಿನಿಂದ ಬಣ್ಣ ಕೆರೆದ. ಅದರಲ್ಲೂ ಚುಕ್ಕಿ. ಬೆಳಿಗ್ಗೆಯಿಂದ ಬೈಸಿಕೊಂಡ ಮಾನಗೆಟ್ಟವನು ಯಾರು ಅನ್ನುವುದು ಅಂಗೈಯಲ್ಲೇ ಇತ್ತು.

"ಆಚೆ ಗ್ಯಾರೇಜಿನವರು ಇದನ್ನ ಬಿಚ್ಚೇ ಇಲ್ವಾ?" ಅಂತ ಕೇಳಿದ.

"ಅವರು ಪ್ಲಗ್ಗು ನೋಡ್ತಾರೆ, ಕಾರ್ಬ್ಯುರೇಟರ್ ತೊಳೀತಾರೆ. ಕೆಳಗಿಂದು ಮುಟ್ಟಲ್ಲ."

"ಈ ಚಕ್ರ ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು ಅಂತ ನಿಂಗೆ ಗೊತ್ತಿಲ್ವಾ? ನಂಗೊಂದು ಮಾತು ಹೇಳಿ ಕಳಿಸೋಕಾಗ್ತಿರ್ಲಿಲ್ವಾ?"

"ಬಂದೇ ಹೇಳಿದ್ನಲ್ಲ," ಅಂದಳು ಅಕ್ಕ. "ಬೇರೆ ವಿಷಯ. ಕೇಳಿದ್ಯಾ?"

ಆರು ವರ್ಷದ ಹಿಂದಿನ ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು, ಬೋಲ್ಟಿನ ವಿಷಯವೊಂದನ್ನು ಬಿಟ್ಟು. ಅಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು, ಎರಡು ವರ್ಷವೂ ಅಕ್ಕನ ಮನೆಯಲ್ಲೇ. ಇದೇ ಮೋಟಾರಿಗೆ ಚಕ್ರ ಹಾಕಿಸಲು ಬಂದ ಅಕ್ಕ, ಒಂದೇ ಒಂದು ತಿಂಗಳು ಅಮ್ಮನನ್ನು ನಿನ್ನಲ್ಲಿ ಇಟ್ಟುಕೋ, ನನ್ನ ಸೊಂಟ ಬಿದ್ದುಹೋಗಿದೆ ಅಂದಿದ್ದಳು. ಮನೆ ಚಿಕ್ಕದು, ಮೆಟ್ಟಿಲು ಕಡಿದು ಅಂತ ಅವನು ಏನೇನೋ ಹೇಳಿದ್ದ. ಮನೆಯಲ್ಲಿ ಒಂದು ರೂಮು ಖಾಲಿಯಿತ್ತು; ಹಳೆಯ ಬಿಡಿಭಾಗಗಳು ಅಲ್ಲಿ ಆರಾಮಾಗಿ ಮಲಗಿದ್ದವು. ಅಕ್ಕ ಮತ್ತೊಮ್ಮೆ ಕೇಳುವ ಮೊದಲು ಕೆಲಸ ಮುಗಿಸಿ ಅವಳನ್ನು ಸಾಗಹಾಕಬೇಕೆಂಬ ಧಾವಂತ ಅವನಿಗೆ. ಗ್ರೀಸಿನ ಡಬ್ಬಿ ಬರಿದಾಗಿತ್ತು, ಹೊಸದು ಮನೆಯಲ್ಲಿತ್ತು. ತರಲು ಹೋಗಲಿಲ್ಲ. ಸಿಟ್ಟಿನಲ್ಲಿ ಒಣ ಬೋಲ್ಟುಗಳನ್ನೇ ಬಿಗಿದು, ಆ ಸಿಟ್ಟಿನಲ್ಲೂ ಮರೆಯದೆ ನಾಲ್ಕಕ್ಕೂ ಚುಕ್ಕಿ ಹೊಡೆದಿದ್ದ. ಎಂಟು ತಿಂಗಳಿಗೆ ಅಮ್ಮ ಹೋದಳು, ಅಕ್ಕನ ಮನೆಯಲ್ಲೇ.

ಎರಡನೆಯದು ಬಿಸಿಗೆ ಬಂತು. ಮೂರನೆಯದೂ ಬಂತು. ನಾಲ್ಕನೆಯದು ಬರಲಿಲ್ಲ. ಕಾಯಿಸಿದ, ತಣಿಸಿದ, ಎಣ್ಣೆ ಬಿಟ್ಟ, ತಟ್ಟಿದ, ಮತ್ತೆ ಕಾಯಿಸಿದ. ನಾಲ್ಕು ಗಂಟೆಗೆ ತಾಳ್ಮೆ ಕೆಟ್ಟಿತು. ಕಿರ್ ಅನ್ನುವ ಮೊದಲೇ ಪೈಪು ಸಿಕ್ಕಿಸಿ ಜಗ್ಗಿದ. ಟಪ್ಪೆಂದಿತು. ಮೇಸ್ತ್ರಿ ನೆಲಕ್ಕೆ ಕುಕ್ಕರಿಸಿದ; ಚುಕ್ಕಿಯ ಸಮೇತ ಬೋಲ್ಟಿನ ತಲೆ ಉರುಳಿಕೊಂಡು ಹೋಗಿ ಅಕ್ಕನ ಪಾದದ ಬಳಿ ನಿಂತಿತು.

ಆ ಹೊತ್ತಿಗೇ ಪೇಂಟರು ಬಂದ. ಬಿರುಕಿಗೂ, ತೂತಿಗೂ, ತುಕ್ಕಿಗೂ ಅವನಲ್ಲಿ ಇರುವುದು ಒಂದೇ ಮದ್ದು, ಬಣ್ಣ. ಪರಿಸ್ಥಿತಿ ನೋಡಿ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದು ಏಕೆ ಅಂತ ಸಮಾಧಾನ ಹೇಳಿದ. ಹೇಗೂ ಮೂರು ಬಂದಿವೆಯಲ್ಲ. ಡಬ್ಬಿ ಇಳಿಸಿ, ಚಕ್ರ ಹಾಕಿ, ಮೂರರಲ್ಲೇ ಬಿಗಿದು, ನಾಲ್ಕನೆಯ ತಲೆಯನ್ನು ಅಂಟು ಹಾಕಿ ಕೂರಿಸಿದರೆ ಸಾಕು. ಮೇಲೊಂದು ಕೈ ಬಣ್ಣ ನಾನೇ ಹೊಡೆದುಕೊಡುತ್ತೇನೆ, ಸಾಹೇಬರ ಅಪ್ಪನಿಗೂ ಗೊತ್ತಾಗುವುದಿಲ್ಲ ಅಂದ.

ಮೇಸ್ತ್ರಿ ಕೂಡಲೇ ಬೈಯಲಿಲ್ಲ, ಅದೇ ಸೋಜಿಗ. ನಿನ್ನೆಯಾಗಿದ್ದರೆ ಸುತ್ತಿಗೆ ತೋರಿಸಿ ಓಡಿಸುತ್ತಿದ್ದ. ಇವತ್ತು ಉಳಿದ ಬೆಳಕನ್ನು ನೋಡಿದ, ಸುಲಿದ ಗೆಣ್ಣು ನೋಡಿಕೊಂಡ, ಆಮೇಲೆ ಅಕ್ಕನ ಕಡೆ ತಿರುಗಿದ. ಅವಳು ಬೋಲ್ಟಿನ ತಲೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒರೆಸುತ್ತಿದ್ದಳು.

"ಅಂಟಿಸ್ತೀಯಾ ಇದನ್ನ?" ಅಂದಳು. "ಅಂಟಿಸಿದ್ರೂ ಚುಕ್ಕಿ ನಿಂದೇ ಕಾಣುತ್ತೆ."

ಪೇಂಟರನ್ನು ಅವನು ಮನೆಗೆ ಕಳಿಸಿದ. ಡಬ್ಬಿಯನ್ನು ಮರದ ಸುತ್ತಿಗೆಯಿಂದ ತಟ್ಟಿ ಇಳಿಸಿದ. ಒಳಗಿನ ಚಕ್ರಕ್ಕೆ ಆರು ರೆಕ್ಕೆ ಇರಬೇಕಾದಲ್ಲಿ ಎರಡು ಉಳಿದಿದ್ದವು. ತಲೆ ಹೋದ ಬೋಲ್ಟಿನ ಕಡ್ಡಿ ಮೇಲಿನಿಂದ ಬೆರಳುದ್ದ ಚಾಚಿಕೊಂಡಿತ್ತು. ಅದನ್ನು ಕಚ್ಚುವ ಇಕ್ಕಳದಲ್ಲಿ ಹಿಡಿದು, ಈ ಸಲ ಜಗ್ಗದೆ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಬಿಚ್ಚುವ ಕಡೆಗೆ ಕೂದಲೆಳೆಯಷ್ಟು, ಬೆಳಕು ಹೋಗುವವರೆಗೂ ಆಡಿಸಿದ. ಕೊನೆಗೆ ಅದು ಬಂತು, ಆದರೆ ಮೈಯ ಮರೆಯನ್ನೂ, ಅಂದರೆ ತೂತಿನೊಳಗಿನ ತಿರುಪಿನ ಗೆರೆಗಳನ್ನೂ, ಕಿತ್ತುಕೊಂಡೇ ಬಂತು. ಇನ್ನು ಅಲ್ಲಿ ಹಳೆ ಅಳತೆಯ ಬೋಲ್ಟು ನಿಲ್ಲುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೇ ಬಂದು ತೂತನ್ನು ದೊಡ್ಡದು ಮಾಡಿ, ಹೊಸ ಮರೆ ಕಡಿದು, ಡಬ್ಬಿಯ ತೂತನ್ನೂ ಅರದಲ್ಲಿ ಅಗಲಿಸಿ, ಹೊಸ ಚಕ್ರ ಹಾಕಿ, ಒಂದಳತೆ ದಪ್ಪನೆಯ ಬೋಲ್ಟು ಕೂರಿಸಿದ. ನಾಲ್ಕಕ್ಕೂ ಗ್ರೀಸು ಮೆತ್ತಿದ, ಒಂದು ಬೆರಳಲ್ಲ, ಮೂರು ಬೆರಳು.

"ಬಾಯಿಗೂ ಸ್ವಲ್ಪ ಹಚ್ಕೊ," ಅಂದಳು ಅಕ್ಕ. "ಎರಡು ದಿನದಿಂದ ಏನೋ ಹೇಳೋಕೆ ಬಂದು ಬಂದು ಕಚ್ಕೊಂಡು ನಿಂತಿದೆ."

ಅವನು ಕೈ ಒರೆಸುವ ಬಟ್ಟೆ ಹುಡುಕಿದ. ಅದು ಹೆಗಲ ಮೇಲೇ ಇತ್ತು.

ಹತ್ತಕ್ಕೆ ಬರಬೇಕಾದ ಸಾಹೇಬರು ಹನ್ನೆರಡೂವರೆಗೆ ಬಂದರು. ಕಿವಿಯಿಂದ ಫೋನು ಇಳಿಯಲಿಲ್ಲ. ದೋಣಿಯ ನಂಬರು ಓದಲು ಬರುತ್ತದೆಯೇ ಅಂತ ದಡದಿಂದಲೇ ನೋಡಿದರು, ತೇಲುಜಾಕೆಟ್ಟು ಎಣಿಸಿದರು. ಮೋಟಾರು ಶುರು ಮಾಡಲು ಕೈಸನ್ನೆ ಮಾಡಿದರು. ಹಿಂಬದಿಯ ತೂತಿನಿಂದ ನೀರು ಚಿಮ್ಮಿತು. ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಸೀಲು ಹೊಡೆದು ಹೋದರು. ಬಗ್ಗಲಿಲ್ಲ. ಅಂಟಿಸಿದ್ದರೂ ಪಾಸು, ಮೂರೇ ಇದ್ದಿದ್ದರೂ ಪಾಸು, ಡಬ್ಬಿಯನ್ನು ದಾರದಲ್ಲಿ ಕಟ್ಟಿದ್ದರೂ ಪಾಸೇ. ಆ ಡಬ್ಬಿಯ ಭರವಸೆಯ ಮೇಲೆ ನಡುಹೊಳೆಗೆ ಹೋಗುವ ಮೂವತ್ತು ಜನ ಅಷ್ಟು ಹೊತ್ತಿಗೆ ದೋಣಿ ಹತ್ತಿ ಕೂತಿದ್ದರು. ದೂರದಲ್ಲಿ ನಿಂತಿದ್ದ ಪೇಂಟರು, ನಾನು ಹೇಳಿರಲಿಲ್ಲವೇ ಅನ್ನುವ ಹಾಗೆ ಹುಬ್ಬು ಹಾರಿಸಿದ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಉರಿ ಯಾರ ಮೇಲೆ ಅಂತ ಹೇಳುವುದು ಈಗ ಮೊದಲಿನಷ್ಟು ಸಲೀಸಾಗಿರಲಿಲ್ಲ.

ಅಕ್ಕ ಮೋಟಾರಿನ ಮೇಲೆ ಬಗ್ಗಿದಳು; ಬಗ್ಗಿ ನೋಡಿದವಳು ಅವಳೊಬ್ಬಳೇ. "ನಾಲ್ಕರಲ್ಲೂ ಚುಕ್ಕಿ ಇಲ್ವಲ್ಲ. ಮರೆತ್ಯಾ?"

"ಮರೀಲಿಲ್ಲ. ಮುಂದಿನ ವರ್ಷ ಇದೇ ಹೊತ್ತಿಗೆ ತಗೊಂಡ್ಬಾ. ಸಲೀಸಾಗಿ ಬಿಚ್ಚಿದ್ರೆ ಆಗ ಹೊಡೀತೀನಿ."

"ಬಿಚ್ಚದಿದ್ರೆ?"

"ಇಡೀ ದಿನ ಕೂತು ಬೈಸ್ಕೊತೀನಿ."

"ಒಂದೇ ದಿನ ಸಾಕಾಗುತ್ತಾ ನಿಂಗೆ?" ಅಂದಳು.

ಕಂಬದ ಹಗ್ಗ ಬಿಚ್ಚಿ ಅವನ ಕೈಗೇ ಎಸೆದು ದೋಣಿ ತಿರುಗಿಸಿದಳು.