ಗೂಡಿನಲ್ಲಿದ್ದ ಕಾಯಿ

ನನಗೆ ತೊಳೆಯುವ ಹುಚ್ಚು. ಈಗಲೂ ಮಕ್ಕಳು ಬೈಯುತ್ತಾರೆ. ಆ ಹುಚ್ಚಿನಲ್ಲಿ ನಾನು ಒಮ್ಮೆ ಮಾವನನ್ನೇ ಕಳೆದುಹಾಕಿದ್ದೆ.

ಎಪ್ಪತ್ತರ ದಶಕದ ಕೊನೆಗೆ ಮಂಕಿಯಿಂದ ಮಾವಿನಕುರ್ವೆಯ ಮೀನುಗಾರರ ಮನೆಗೆ ಸೊಸೆಯಾಗಿ ಬಂದೆ. ಮಾವ ಕಡಲಿಗೆ ಹೋದವರು ತಿರುಗಿ ಬಂದಿರಲಿಲ್ಲ. ನನ್ನ ಗಂಡ ಆಗ ತೊಟ್ಟಿಲಲ್ಲಿದ್ದರಂತೆ. ದೇಹ ಸಿಗಲಿಲ್ಲ, ಫೋಟೊ ತೆಗೆಸಿದ್ದೂ ಇಲ್ಲ. ಗೋಡೆಯ ದೇವರ ಗೂಡಿನಲ್ಲಿ ಜುಟ್ಟು ಬಿಟ್ಟ ಒಂದು ತೆಂಗಿನಕಾಯಿ ಇತ್ತು. ಅದೇ ಮಾವ. ಅತ್ತೆ ದಿನಾ ಅದಕ್ಕೆ ದೀಪ ಇಡುತ್ತಿದ್ದರು. ಪ್ರತಿ ದೀಪಾವಳಿಗೆ ಹೊಸ ಕಾಯಿ ಕೂರಿಸಿ ಹಳೆಯದನ್ನು ಹೊಳೆಗೆ ಬಿಡುತ್ತಿದ್ದರು. ದೀಪ ಇಡುವುದನ್ನು ನೋಡುತ್ತಿದ್ದೆ, ಅದು ದೇವರಿಗೆ ಅಂದುಕೊಂಡಿದ್ದೆ; ಉಳಿದದ್ದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಹೊಸ ಸೊಸೆಗೆ ಹೇಳಬೇಕಾದ ಮಾತು ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನ್ನ ತವರಲ್ಲಿ ದೇವರೆಂದರೆ ಕಟ್ಟು ಹಾಕಿಸಿದ ಪಟಗಳು. ಕಾಯಿ ಪೂಜೆ ಮುಗಿದ ಮೇಲೆ ಅಡುಗೆಮನೆಗೆ ಬರುವಂಥದ್ದು.

ಮೊದಲ ಚೌತಿಯ ಹಿಂದಿನ ದಿನ ಅತ್ತೆ ಹೊನ್ನಾವರಕ್ಕೆ ಮೀನು ಮಾರಲು ಹೋಗಿದ್ದರು. ಪಂಚಕಜ್ಜಾಯಕ್ಕೆಂದು ಅಟ್ಟದಲ್ಲಿ ಜುಟ್ಟು ಬಿಟ್ಟು ಸುಲಿದಿಟ್ಟಿದ್ದ ಹಳೆಯ ಕಾಯಿಗಳನ್ನು ಇಳಿಸಿ ತೊಳೆಯುತ್ತಿದ್ದೆ. ಗೂಡಿನ ಮಸಿ ಕಣ್ಣಿಗೆ ಬಿತ್ತು. ಕೈ ಸುಮ್ಮನಿರಬೇಕಲ್ಲ! ಗೂಡು ಒರೆಸಿದೆ, ಅದರಲ್ಲಿದ್ದ ಕಾಯಿಯ ಕುಂಕುಮ, ಎಣ್ಣೆಜಿಡ್ಡು ಎಲ್ಲ ತಿಕ್ಕಿದೆ, ಉಳಿದ ಕಾಯಿಗಳ ಜೊತೆ ಬುಟ್ಟಿಗೆ ಹಾಕಿದೆ. ಅತ್ತೆ ಹೊಗಳುತ್ತಾರೆ ಅಂದುಕೊಂಡಿದ್ದೆ.

ಅತ್ತೆ ಬಂದವರೇ ಗೂಡಿನ ಕಡೆ ನೋಡಿದರು.

"ಗೂಡಿನ ಕಾಯಿ ಎಲ್ಲಿ?"

"ಬುಟ್ಟೀಲಿ ಅದೆ ಅತ್ತೆ. ಎಲ್ಲಾ ಒಟ್ಟಿಗೆ ತೊಳ್ದಿಟ್ಟೆ."

"ಎಂತ ಮಾಡ್ದೆ ಹೆಣ್ಣೆ! ಅದು ನಿನ್ನ ಮಾವ."

ನನ್ನ ಜೀವವೇ ಹೋದಂತಾಯಿತು. ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಊರಿಗೆ ಗೊತ್ತಾದರೆ ಎಂಥ ಸೊಸೆ ಅಂತಾರೆ, ತವರಿಗೆ ಕಳಿಸಿಬಿಟ್ಟರೆ ಏನು ಗತಿ ಅಂತ ಅಳತೊಡಗಿದೆ. ಅತ್ತೆ ಬುಟ್ಟಿಯ ಮುಂದೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ವರ್ಷದ ಕಾಯಿಯ ನೀರು ಆರಿ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಹಾಗೆ ಸದ್ದು ಮಾಡಿದ್ದು ಒಂದಲ್ಲ, ಮೂರು. ಅತ್ತೆ ಮೂರನ್ನೂ ತಿರುವಿ ಮುರುವಿ ನೋಡಿದರು. ನಾನು ಚೆನ್ನಾಗಿಯೇ ತಿಕ್ಕಿದ್ದೆ, ಗುರುತು ಎಲ್ಲಿ ಉಳಿಯಬೇಕು?

ಮೂರನ್ನೂ ಮಡಿಲಿಗೆ ಎತ್ತಿಕೊಂಡು ಅತ್ತೆ ಹೇಳಿದರು: "ಇವ್ರು ಹೋದ ದೋಣೀಲಿ ಮೂರು ಜನ ಇದ್ರು. ಮೂರೂ ಜನ ಇಲ್ಲೇ ಇರ್ಲಿ. ಆತು, ಕಣ್ಣೊರ್ಸ್ಕೋ."

ಮೂರಕ್ಕೂ ಕುಂಕುಮ ಇಟ್ಟು ಗೂಡಿನಲ್ಲಿ ಕೂರಿಸಿದರು. ಆ ದೀಪಾವಳಿಗೆ ಹೊಸದಾಗಿ ಬಂದದ್ದೂ ಮೂರು ಕಾಯಿ, ಮುಂದಿನ ವರ್ಷಗಳಲ್ಲೂ ಮೂರೇ. ನನ್ನ ಗಂಡ ಕೇಳಿದಾಗ ಅತ್ತೆ ಅದೇ ಮಾತು ಹೇಳಿದರು.

ಎಂಬತ್ತರ ದಶಕದಲ್ಲಿ ಅತ್ತೆ ತೀರಿಕೊಂಡರು. ಕುಮಟೆಯಿಂದ ಬಂದಿದ್ದ ಅವರ ತಂಗಿ ಗೂಡು ನೋಡಿ, ಮೂರು ಯಾಕೆ ಅಂತ ಕೇಳಿದರು. ಹೇಳಿದೆ.

"ಸಣ್ಣ ಪಾತಿ ದೋಣಿ ಅದು," ಅಂದರು ಅವರು. "ಮೂರು ಜನ ಎಲ್ಲಿ ಹಿಡೀತ್ರು? ಭಾವ ಒಬ್ರೇ ಹೋಗಿದ್ರು."

ದುಃಖ ತಡೆಯಲಾಗಲಿಲ್ಲ. ಅಷ್ಟೂ ವರ್ಷ ಅತ್ತೆ ನನ್ನ ಮಾನ ಕಾಯಲೆಂದು, ಇಲ್ಲದ ಇಬ್ಬರಿಗೆ ದಿನಾ ದೀಪ ಇಟ್ಟಿದ್ದರು.