ಸಾಯದ ಯೋಧರು, ಮೈಕಿನ ಕಾಕಾ

ಕಳೆದ ಭಾನುವಾರ ಉಪ್ಪಿನಕಾಯಿಗೆಂದು ಲಿಂಬೆಹಣ್ಣು ತರಲು ನಮ್ಮ ಇಂಡಿ ಪೇಟೆಯ ಅಡತಿ ದಲಾಲರ ಅಂಗಡಿಗೆ ಹೋಗಿದ್ದೆ. ಹಣ್ಣು ಬಾಡಬಾರದೆಂದು ಹಮಾಲರು ಗೋಣಿಚೀಲಗಳ ಮೇಲೆ ನೀರು ಚಿಮುಕಿಸುತ್ತಿದ್ದರು. ಹಸಿ ಗೋಣಿಯ ವಾಸನೆ, ಅದರೊಳಗಿಂದ ಬರುವ ಲಿಂಬೆಯ ಘಾಟು... ಅಷ್ಟು ಸಾಕಾಯಿತು. ನಲವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಲಿಂಬೆಯ ಗೋದಾಮು, ಬೆಳಕು ಬರದಂತೆ ಕಿಟಕಿಗೆ ಕಟ್ಟಿದ ಹಸಿ ಗೋಣಿ, ಮೈಕಿನಲ್ಲಿ ಒಂದು ದನಿ ಎಲ್ಲ ಒಮ್ಮೆಲೇ ನೆನಪಾದವು. ಬಹಳ ಹೊತ್ತು ಹಾಗೇ ನಿಂತಿದ್ದೆನಂತೆ. ಅಂಗಡಿಯವ "ಬಿಸಲಾಗ ತಲಿ ತಿರಗಿತೇನ್ರಿ ಮೇಡಂ? ಕುಂದರ್ರಿ ಸ್ವಲ್ಪ" ಎಂದು ಸ್ಟೂಲು ಸರಿಸಿದ.

ತಲೆ ತಿರುಗಿರಲಿಲ್ಲ. ಸಿಟ್ಟು ಬಂದಿತ್ತು. ಅದಕ್ಕೆ ಎರಡು ದಿನ ಮುಂಚೆ ನಾಲ್ಕು ಜನ ನಮ್ಮ ಮನೆಗೆ ಬಂದಿದ್ದರು. ನಮ್ಮ ತಾಲೂಕಿನ ದೊಡ್ಡ ಮನುಷ್ಯನೊಬ್ಬ ಹೋದ ತಿಂಗಳು ತೀರಿಕೊಂಡ. ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು ನಿಂತಿದೆ. ಅಮರರಾಗಿದ್ದೀರಿ, ಮತ್ತೆ ಹುಟ್ಟಿ ಬನ್ನಿ ಎಂದೆಲ್ಲ ಬರೆಸಿದ್ದಾರೆ. ಅವನ ಹೆಸರಿನಲ್ಲಿ ಸ್ಮರಣ ಸಂಚಿಕೆ ತರುತ್ತಾರಂತೆ. "ನಿಮ್ಮ ಕನ್ನಡ ಭಾಳ ಚಲೋ ಐತ್ರಿ ಮೇಡಂ. ನೀವು ಅವರನ್ನ ಮೊದಲಿನಿಂದ ಕಂಡೀರಿ. ಎರಡು ಪುಟ ನೆನಪು ಬರದ ಕೊಡ್ರಿ" ಎಂದರು. ನಾನು ಚಹಾ ಕೊಟ್ಟು, ಬರೆದು ಕೊಡುತ್ತೇನೆ ಎಂದೆ. ಯಾರ ನೆನಪು ಎಂದು ಅವರೂ ಬಿಡಿಸಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಸುಲಭಕ್ಕೆ ಮರೆಯುವ ಹೆಂಗಸಲ್ಲ. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ತಾಯಿಯ ಎಲೆ ದಾಟಿ ಮುಂದಿನವರಿಗೆ ಹೋಳಿಗೆ ಬಡಿಸಿದ ನಾದಿನಿಗೆ ಇವತ್ತಿಗೂ ನಾನು ಎರಡನೇ ಸಲ ಚಹಾ ಬೇಕೇ ಎಂದು ಕೇಳುವುದಿಲ್ಲ. ನೌಕರಿಯಿಂದ ನಿವೃತ್ತಿಯಾದರೂ ಸಿಟ್ಟಿನಿಂದ ಆಗಲಿಲ್ಲ ಎಂದು ನಮ್ಮವರು ಚಾಷ್ಟಿ ಮಾಡುತ್ತಾರೆ. ಮಾಡಲಿ. ಕೆಲವು ಸಿಟ್ಟುಗಳನ್ನು ನಾನು ಬೇಕೆಂದೇ ಇಟ್ಟುಕೊಂಡಿದ್ದೇನೆ.

ಮೈಕಿನ ಕಾಕಾ ನಮ್ಮ ಗೋಡೆಗೆ ಹೊಂದಿದ ಮನೆಯಲ್ಲಿದ್ದರು. ಒಬ್ಬಂಟಿ ಮನುಷ್ಯ. ಮದುವೆ, ಸಂತೆ, ಕುಸ್ತಿ, ಎಲ್ಲೇ ಆದರೂ ಮೈಕು ಹಿಡಿದು ಕೂಗುವವರು ಅವರೇ ಆಗಿದ್ದರಿಂದ ಆ ಹೆಸರು. ಅವರ ಬಲಗೈ ಮೊಣಕೈಯಲ್ಲಿ ಸೊಟ್ಟಗಾಗಿತ್ತು. ಅರ್ಧಕ್ಕೆ ಎತ್ತಿದರೆ ಅಲ್ಲೇ ನಿಲ್ಲುತ್ತಿತ್ತು, ಬಾಯಿಯವರೆಗೆ ಬರುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಬೇಕಾಗಿದ್ದರಿಂದ ಯಾರ ಮನೆಯ ಪಂಕ್ತಿಯಲ್ಲೂ ಕೂರುತ್ತಿರಲಿಲ್ಲ. ಮದುವೆಯಲ್ಲಿ ಮೈಕಿನ ಕೆಲಸ ಮುಗಿದ ಮೇಲೆ ಊಟ ಕಟ್ಟಿಸಿಕೊಂಡು ಮನೆಗೆ ಬಂದು, ಬಾಗಿಲು ಮುಂದೆ ಮಾಡಿ ಉಣ್ಣುತ್ತಿದ್ದರು.

ಆ ಕೈ ಮುರಿದದ್ದು ಹತ್ತಿರದ ಸಾಲೋಟಗಿಯ ಕುಸ್ತಿ ಕಣದಲ್ಲಿ. ಕಾಕಾ ಆಗ ಗಟ್ಟಿ ಪೈಲ್ವಾನ. ಎದುರಾಳಿ ಈಗ ಫ್ಲೆಕ್ಸಿನಲ್ಲಿರುವ ಆ ಮನುಷ್ಯ, ಆಗಿನ್ನೂ ಹುರಿಮೀಸೆಯ ಹುಡುಗ. ಕಾಕಾ ಅವನನ್ನು ಚಿತ್ ಮಾಡಿದರು. ಗೆದ್ದವನು ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಬೇಕು, ಬೆನ್ನಿನ ಮಣ್ಣು ಕೊಡವಬೇಕು. ಗರಡಿಮನೆಯ ಮಕ್ಕಳಿಗೂ ಗೊತ್ತಿರುವ ರೀತಿ ಅದು. ಕಾಕಾ ಬಗ್ಗಿ ಕೈ ಚಾಚಿದರು. ಅವನು ಆ ಕೈ ಹಿಡಿದು ಎದ್ದ, ಏಳುತ್ತಲೇ ತಿರುಚಿ ಮೊಣಕಾಲಿಗೆ ಹಾಕಿ ಮುರಿದ. ಆದ ಸದ್ದು ಕಣದ ಆಚೆ ಗಿಡದ ಕೆಳಗೆ ಕುಳಿತವರಿಗೂ ಕೇಳಿಸಿತ್ತೆಂದು ನಮ್ಮ ಅಪ್ಪ ಹೇಳುತ್ತಿದ್ದರು. ನೋಡಿದವರು ನೂರಾರು ಮಂದಿ. ಬಾಯಿ ಬಿಟ್ಟವರು ಒಬ್ಬರಿಲ್ಲ, ಯಾಕೆಂದರೆ ಅವನ ಮನೆತನ ಅಂಥದ್ದು.

ಮುಂದೆ ಅವನು ಲೀಡರ್ ಆದ. ಕಾಕಾ ಮೈಕು ಹಿಡಿದರು.

ನಾನು ಹೇಳುವುದು ವಿಡಿಯೋ ಬಂದ ಹೊಸತಿನ ಮಾತು. ಶಿಕ್ಷಕರ ತರಬೇತಿ ಮುಗಿಸಿ ನೌಕರಿಯ ಆದೇಶ ಕಾಯುತ್ತ ನಾನು ಮನೆಯಲ್ಲಿ ಕೂತಿದ್ದೆ. ಲಿಂಬೆಯ ಗೋದಾಮನ್ನು ಬಾಡಿಗೆಗೆ ಹಿಡಿದು ಯಾರೋ ಒಂದು ಟಿ.ವಿ., ಒಂದು ವಿ.ಸಿ.ಆರ್. ಇಟ್ಟು ಮಧ್ಯಾಹ್ನ ಎರಡು ಆಟ ಸಿನಿಮಾ ತೋರಿಸುತ್ತಿದ್ದರು. ಗಂಡಸರು ಬಲಕ್ಕೆ ಚಾಪೆಯ ಮೇಲೆ, ಹೆಂಗಸರು ಎಡಕ್ಕೆ ಉದ್ದನೆಯ ಮರದ ಬಾಕಿನ ಮೇಲೆ. ಪರದೇಶದ ಸಿನಿಮಾ ಹಾಕಿದ ದಿನ ಕಾಕಾ ಟಿ.ವಿ.ಯ ಪಕ್ಕ ಕುರ್ಚಿ ಹಾಕಿಕೊಂಡು, ಎಡಗೈಯಲ್ಲಿ ಮೈಕು ಹಿಡಿದು, ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಅವರಿಗೂ ಆ ಭಾಷೆ ಬರುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ಕಟ್ಟಿ ಹೇಳುವುದೇ ಅವರ ಕಸಬು. ಅದನ್ನು ಕೇಳಲೆಂದೇ ಸಿಂದಗಿ ಕಡೆಯಿಂದ ಬಸ್ಸು ಹತ್ತಿ ಬರುವವರಿದ್ದರು.

ಒಂದು ಸಲ ಸಾವಿಲ್ಲದ ಯೋಧರ ಸಿನಿಮಾ ಬಂತು. ಹಿಮದ ಬೆಟ್ಟ, ಅಲ್ಲೊಂದು ಆರದ ಬೆಂಕಿ, ಅದನ್ನು ಕಾಯುವ ಐವರು. ಕತ್ತಿ ಹೊಕ್ಕರೆ ನೋಡುತ್ತಿದ್ದಂತೆ ಗಾಯ ಕೂಡಿಕೊಳ್ಳುತ್ತಿತ್ತು. ಅವರಲ್ಲೊಬ್ಬ ಕೆಂಪು ಗಡ್ಡದವ. ನಡುವೆ ಒಂದು ಕಡೆ ಆ ಕೆಂಪು ಗಡ್ಡದವ ಬೆಟ್ಟದ ಅಂಚಿನಲ್ಲಿ ಜೋತಾಡುತ್ತಾನೆ. ಜೊತೆಗಾರ ಕೈ ಚಾಚುತ್ತಾನೆ. ಇವನು ಆ ಕೈ ಹಿಡಿದು ಮೇಲೆ ಬಂದು, ಚಾಚಿದವನನ್ನೇ ಕೆಳಗೆ ನೂಕುತ್ತಾನೆ.

ಮೊದಲ ದಿನ ಅದನ್ನು ನೋಡಿ ಕಾಕಾ ಮಾತು ನಿಲ್ಲಿಸಿಬಿಟ್ಟರು. ಬರೀ ಉಸಿರು ಮೈಕಿನಲ್ಲಿ ಕೇಳುತ್ತಿತ್ತು. ಆಮೇಲೆ ಅಂದರು: "ನೋಡ್ರಿ ಮಂದಿ. ಎತ್ತಾಕ ಬಂದ ಕೈ ಮುರದಾಂವ ಇಂವ."

ಹೆಸರು ಹೇಳಬೇಕಾಗಿರಲಿಲ್ಲ. ಗೋದಾಮಿನಲ್ಲಿದ್ದ ಎಲ್ಲರಿಗೂ ತಿಳಿಯಿತು. ಮರುದಿನದಿಂದ ಕೆಂಪು ಗಡ್ಡದವನಿಗೆ ಆ ಮನುಷ್ಯನ ನಡಿಗೆ, ಆ ಮನುಷ್ಯನ ಭಾಷಣದ ಧಾಟಿ, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುವ ಚಟ ಎಲ್ಲ ಬಂದವು. "ಬಂದಾ ನೋಡ್ರಿ ನಮ್ಮ ಕೈ ಮುರದಾಂವ. ಇಂವಗ ಸಾವಿಲ್ಲ, ನಾಚಿಕಿ ಮೊದಲ ಇಲ್ಲ." ಜನ ಬಿದ್ದು ಬಿದ್ದು ನಗುತ್ತಿದ್ದರು. ಕಣದಲ್ಲಿ ಬಾಯಿ ಮುಚ್ಚಿ ನಿಂತಿದ್ದವರೂ ಅಲ್ಲಿ ಬಂದು ನಗುತ್ತಿದ್ದರು. ಕಾಕಾನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. ಅವರು ಮೈಕಿನಲ್ಲೇ ಆ ಮನುಷ್ಯನ ಕೈ ತಿರುಚುತ್ತಿದ್ದರು, ನನಗೂ ಹೊಟ್ಟೆ ತಣ್ಣಗಾಗುತ್ತಿತ್ತು.

ಸುದ್ದಿ ಅವನಿಗೆ ಮುಟ್ಟದೆ ಇರುತ್ತದೆಯೇ? ಒಂದು ಮಧ್ಯಾಹ್ನ ಹತ್ತು ಜನರನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತ. ಪರದೆಯ ಮೇಲೆ ಕೆಂಪು ಗಡ್ಡದವ ಬಂದ. ಕಾಕಾ ಒಂದು ಅಕ್ಷರ ಬಿಡದೆ ಎಲ್ಲವನ್ನೂ ಹೇಳಿದರು, ಅವನ ಎದುರಿಗೇ. ಹೊಡೆದಾಟ ಆಗುತ್ತದೆಂದು ನಾವು ಹೆಂಗಸರು ಚಪ್ಪಲಿ ಹುಡುಕಿ ಮೆಟ್ಟಿಕೊಂಡಿದ್ದೆವು. ಆದರೆ ಅವನು ನಕ್ಕ. ಮೂಗು ಒರೆಸಿಕೊಂಡು, ಮೀಸೆ ತೀಡಿ, "ಹೌದೋ, ನಾನ ಅಂವ" ಎಂದು ತೊಡೆ ತಟ್ಟಿದ. ಕೊನೆಗೆ ಎಷ್ಟು ಕತ್ತಿ ಹೊಕ್ಕರೂ ಸಾಯದೆ ಕೆಂಪು ಗಡ್ಡದವ ನಗುತ್ತ ಕುದುರೆ ಏರಿ ಹೋದಾಗ ಅವನ ಜನ ಸಿಳ್ಳೆ ಹಾಕಿದರು. ಮರುದಿನ ಎರಡು ಟ್ರ್ಯಾಕ್ಟರ್ ತುಂಬಿ ಬಂದರು. ನಮ್ಮ ಧಣಿ ಸಿನಿಮಾದಾಗ ಅದಾರ ಎಂದು ಹಳ್ಳಿಹಳ್ಳಿಗೆ ಸುದ್ದಿ.

ಆ ಸಂಜೆ ಗೋಡೆಯ ಮೇಲಿಂದ ನೋಡಿದರೆ ಕಾಕಾ ಅಂಗಳದಲ್ಲಿ ಸುಮ್ಮನೆ ಕೂತಿದ್ದರು. ಕಟ್ಟಿಸಿಕೊಂಡು ತಂದ ಊಟದ ಗಂಟು ಬಿಚ್ಚಿರಲಿಲ್ಲ.

"ಯಾಕ್ರಿ ಕಾಕಾ, ಉಣ್ಣಲಿಲ್ಲೇನು?"

"ಅಂವಗ ಬೈದ್ರೂ ಅಂವಂದ ಹೊಟ್ಟಿ ತುಂಬತೈತಿ ತಂಗಿ" ಎಂದರು. "ಇಷ್ಟ ದಿನಾ ನಾನ ಅಂವಗ ಉಣ್ಣಾಕ ಹಾಕೇನಿ."

ಕಾಕಾ ಇಪ್ಪತ್ತು ವರ್ಷ ಮನಸ್ಸಿನಲ್ಲೇ ಮಸೆದ ಆಯುಧ ಆ ಬೈಗುಳ. ಅದನ್ನೇ ಅವನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ. ಕಾಕಾ ಸೊಟ್ಟ ಕೈಯನ್ನು ಎಡಗೈಯಿಂದ ನೀವಿಕೊಳ್ಳುತ್ತ, "ನಾಳಿ ಬಾ" ಎಂದರು.

ಮರುದಿನ ಗೋದಾಮು ಕಿಕ್ಕಿರಿದಿತ್ತು. ಅವನು ಆ ದಿನ ಕುರ್ಚಿ ತರಿಸಿಕೊಂಡು ಕುಳಿತಿದ್ದ, ಬಿಳಿ ಇಸ್ತ್ರಿ ಅಂಗಿ. ಕಾಕಾ ಶುರು ಮಾಡಿದರು. ಬೆಟ್ಟ, ಬೆಂಕಿ, ನಾಲ್ವರು ಯೋಧರು, ಒಬ್ಬೊಬ್ಬರ ಹುಟ್ಟು, ಊರು, ಶೌರ್ಯ... ಅಷ್ಟು ಚೆನ್ನಾಗಿ ಅವರು ಎಂದೂ ಹೇಳಿರಲಿಲ್ಲ. ಕೆಂಪು ಗಡ್ಡದವ ಬಂದ. ಕಾಕಾ ಮೈಕು ತೊಡೆಯ ಮೇಲಿಟ್ಟು ಕಿಟಕಿಯ ಗೋಣಿ ನೋಡುತ್ತ ಕುಳಿತರು. ಪರದೆಯ ಮೇಲೆ ಅವನು ಯಾವುದೋ ಭಾಷೆಯಲ್ಲಿ ಬಾಯಿ ಆಡಿಸಿ ಹೋದ. ಉಳಿದವರು ಬಂದರು, ಕಾಕಾ ಮತ್ತೆ ಮೈಕು ಎತ್ತಿದರು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಬೆಟ್ಟದ ಅಂಚಿನ ದೃಶ್ಯ. ಕಾಕಾ ಮತ್ತೆ ಗಪ್ಪು.

ಅವನು ಕುರ್ಚಿಯಲ್ಲಿ ಹಿಂದೆ ಮುಂದೆ ಸರಿದಾಡಿದ. ಕೊನೆಗೆ ತಡೆಯಲಾಗಲಿಲ್ಲ.

"ಏ ಪೈಲ್ವಾನಾ, ಬಾಯಿ ಬಿತ್ತೇನ? ಹೇಳು."

"ಯಾರದ್ ಹೇಳ್ಲಿರಿ?"

"ಆ ಕೆಂಪ ಗಡ್ಡದವಂದು."

"ಅಂವ ಯಾರೋ ನನಗ ಗೊತ್ತಿಲ್ರಿ" ಎಂದರು ಕಾಕಾ. ಮೈಕನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು. ಆ ಸೊಟ್ಟ ಕೈ ಎಷ್ಟು ಮುಂದೆ ಬರುತ್ತಿತ್ತೋ ಅಷ್ಟು ಚಾಚಿ, ಮೈಕನ್ನು ಅವನ ಕಡೆ ಹಿಡಿದರು. "ನಿಮಗ ಗೊತ್ತಿದ್ರ ನೀವ ಹೇಳ್ರಿ."

ಅವನು ಮೈಕು ನೋಡಲಿಲ್ಲ, ಕೈ ನೋಡಿದ. ಗೋದಾಮಿನಲ್ಲಿದ್ದ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅದು ಕೆಳಗೆ ಇಳಿಯಲಿಲ್ಲ. ಅವನು ಎದ್ದ. ಏನೋ ಅನ್ನಲು ಬಾಯಿ ತೆರೆದು ಮೂಗು ಒರೆಸಿಕೊಂಡ. ಆಗ ಹೆಂಗಸರ ಬಾಕಿನಿಂದ ಒಬ್ಬಳು ಫಕ್ಕನೆ ನಕ್ಕಳು. ಅವಳು ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ಆಮೇಲೆ ಎಲ್ಲರೂ ನಕ್ಕರು, ಟ್ರ್ಯಾಕ್ಟರಿನಲ್ಲಿ ಬಂದವರು ಕೂಡ. ಅವನು ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಗೆ ಹೋದ.

ಹದಿನೈದು ದಿನದಲ್ಲಿ ಗೋದಾಮಿಗೆ ಬೀಗ ಬಿತ್ತು. ಕಾರಣ ಏನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮದುವೆಗಳಿಗೆ ಕಾಕಾನನ್ನು ಕರೆಯುವುದು ನಿಂತಿತು. ಒಂದು ಬೆಳಗ್ಗೆ ಅವರು ಮೈಕು, ಬ್ಯಾಟರಿ, ಒಂದು ಟ್ರಂಕು ಹೊತ್ತುಕೊಂಡು ಹೊರಟರು. ಎಲ್ಲಿಗೆ ಕಾಕಾ ಎಂದು ಕೇಳಿದ್ದಕ್ಕೆ, "ಮೈಕ ಎಲ್ಲಿ ನಡೀತೈತಿ ಅಲ್ಲಿಗೆ" ಎಂದರು. ಮುಖದಲ್ಲಿ ದುಃಖವೇನೂ ಇರಲಿಲ್ಲ... ಅಥವಾ ಇತ್ತೋ, ನಾನು ನೋಡಲಿಲ್ಲವೋ.

ಮುಂದೆ ನನಗೆ ಮುದ್ದೇಬಿಹಾಳದ ಹತ್ತಿರ ಒಂದು ಹಳ್ಳಿಗೆ ನೌಕರಿಯಾಯಿತು. ಒಮ್ಮೆ ಬಸ್ಸು ತಾಳಿಕೋಟೆಯಲ್ಲಿ ನಿಂತಾಗ ಸಂತೆಯ ಕಡೆಯಿಂದ ಆ ದನಿ ಕೇಳಿಸಿತು, ಯಾವುದೋ ಇಲಿ ಪಾಷಾಣದ ಗುಣಗಾನ. ಕಿಟಕಿಯಿಂದ ಕಂಡರು. ಬಹಳ ಸೊರಗಿದ್ದರು. ಇಳಿಯಬೇಕೆಂದು ಎದ್ದೆ, ಬಸ್ಸು ಬಿಟ್ಟಿತು. ಮುಂದಿನ ವಾರ ಇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ಅವರು ಅಲ್ಲಿರಲಿಲ್ಲ. ಬಾಗೇವಾಡಿ ಕಡೆ ಎಲ್ಲೋ ತೀರಿಕೊಂಡರೆಂಬ ಸುದ್ದಿ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಯಾರೋ ಯಾರಿಗೋ ಹೇಳಿದ್ದು.

ಆ ಸಿನಿಮಾದ ನಿಜವಾದ ಕಥೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಕಿಲ್ಲ. ಕಾಕಾ ಹೇಳಿದ್ದೇ ನನ್ನ ಕಥೆ. ಈ ಎರಡು ಪುಟವನ್ನೇ ಸ್ಮರಣ ಸಂಚಿಕೆಯವರಿಗೆ ಕೊಡುತ್ತೇನೆ. ಹಾಕಿದರೆ ಹಾಕಲಿ, ಹರಿದರೆ ಹರಿಯಲಿ. ಫ್ಲೆಕ್ಸಿನಲ್ಲಿರುವವನ ಹೆಸರನ್ನು ಇದರಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ನಾನು ಕಲಿತದ್ದು ಆ ಗೋದಾಮಿನಲ್ಲಿ.

ಆದರೆ ಮೇಲೆ ಕಾಕಾನ ಪೂರ್ತಿ ಹೆಸರು, ಇಂಥವರ ನೆನಪಿಗೆ ಎಂದು, ದಪ್ಪ ಅಕ್ಷರದಲ್ಲಿ ಬರಬೇಕೆಂದಿತ್ತು. ಎರಡು ದಿನ ಇಂಡಿಯಲ್ಲಿ ಅಡ್ಡಾಡಿದೆ. ಅಡತಿಯವರನ್ನು ಕೇಳಿದೆ, ಹಳೆಯ ಹಮಾಲರನ್ನು ಕೇಳಿದೆ. "ಮೈಕಿನ ಕಾಕಾ ಅಲ್ಲೇನ್ರಿ?" ಎಂದರು ಎಲ್ಲರೂ. ಸಾಲೋಟಗಿಗೆ ಹೋಗಿ ಆ ಕುಸ್ತಿ ನೋಡಿದ್ದ ಮುದುಕರೊಬ್ಬರನ್ನು ಹುಡುಕಿದೆ. ಅವರಿಗೆ ಎಲ್ಲ ನೆನಪಿತ್ತು. ಕಣ ಎಲ್ಲಿತ್ತು, ಹಲಗೆ ಬಾರಿಸಿದವರು ಯಾರು, ಮುರಿದವನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು. ಮುರಿಸಿಕೊಂಡವರ ಹೆಸರೇನು ಅಜ್ಜಾ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಆ ಕೈ ಮುರದಿತ್ತಲ್ಲ ತಂಗಿ, ಆಂವ" ಎಂದರು.

ಅವರನ್ನು ಬೈಯಲು ಬಾಯಿ ಬರಲಿಲ್ಲ. ಮುರಿದವನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು ಮೂರೂ ನನಗೂ ಬಾಯಿಪಾಠ ಬರುತ್ತವೆ. ಹತ್ತು ವರ್ಷ ಗೋಡೆಯ ಆಚೆ ಇದ್ದ ಮನುಷ್ಯನಿಗೆ, ಕಾಕಾ, ನಿಮ್ಮ ಹೆಸರೇನ್ರಿ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.