ಬದುವಿನ ಮೇಲಿನ ಒಂಬತ್ತು ಕಲ್ಲು

ನಿವೃತ್ತನಾದ ಮೇಲೆ ನನಗೊಂದು ಕೆಲಸ ಸಿಕ್ಕಿತು, ಕೇಳಿದರೆ ನಗುತ್ತೀರಿ: ದಿನಾ ಮುಂಜಾನೆ ಗಾಳಿಯಂತ್ರದ ಬುಡದಲ್ಲಿ ಸತ್ತ ಬಾವಲಿ ಹುಡುಕುವುದು! ಶಿರವಾಳದ ಹಳೆಯ ಗುಡಿಗಳಲ್ಲಿ ಜೋತುಬೀಳುವ ಆ ಸಣ್ಣ ಬಾವಲಿಗಳ ಜಾತಿಯೇ ಅಳಿಯುತ್ತಿದೆ. ಯಂತ್ರದ ರೆಕ್ಕೆಗೆ ಬಡಿದು ಸಾಯುವುದು ಖಾತ್ರಿಯಾದರೆ, ಅವು ಹಾರಾಡುವ ಮುಸ್ಸಂಜೆಯಲ್ಲಿ ಯಂತ್ರ ನಿಲ್ಲಿಸಲು ಕಂಪನಿಯವರು ಒಪ್ಪಿದ್ದರು. ಎರಡು ತಿಂಗಳು ಹುಡುಕಿದೆ, ಒಂದೂ ಸಿಗಲಿಲ್ಲ. ಖುಷಿಯಿಂದಲೇ ಸೊನ್ನೆ ಬರೆಯುತ್ತ ಹೋದೆ.

ಎರಡು ತಿಂಗಳ ಗಡುವಿನ ಕೊನೆಯ ದಿನ, ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಭೀಮಬಾಯಿ ತಡೆಯಲಾರದೆ ಕೇಳಿದಳು. "ಸರ, ದಿನಾ ಏನ್ ಕಳಕೊಂಡು ಹುಡುಕಾಕತ್ತೀರಿ?"

"ಸತ್ತ ಬಾವಲಿ, ಯವ್ವ."

"ಅಯ್ಯ, ಅವನ್ನ ನೀವು ಬರೂಕಿಂತ ಮೊದಲ ನಾ ಮಣ್ಣು ಮಾಡತೀನಲ್ರಿ! ಎರಡ ತಿಂಗಳಾತು, ಒಂದ್ ಮಾತು ಕೇಳಬಾರದೇನ್ರಿ?"

ಕರೆದೊಯ್ದು ತೋರಿಸಿದಳು: ಗದ್ದೆಯ ಬದುವಿನ ಮೇಲೆ ಸಾಲಾಗಿ ಒಂಬತ್ತು ಕಲ್ಲು, ಒಂದೊಂದಕ್ಕೂ ಚಿಟಿಕೆ ಅರಿಶಿನ.

"ಕಾಲುವಿ ನೀರು ಬಂದಾಗಿಂದ ನಮ್ಮ ನೆಲ್ಲಿನ ಹುಳಾ ತಿಂದು ಪೈರು ಉಳಿಸ್ಯಾವ. ಅವನ್ನ ನಾಯಿ ಬಾಯಿಗೆ ಬಿಡಲೇನ್ರಿ?"

ಮರುದಿನ ಕಂಪನಿಯ ಎಂಜಿನಿಯರ್ ಬಂದರು, ಬರೀ ಕಲ್ಲು ನೋಡಿ ನಂಬಲಿಲ್ಲ.

"ಅಗದು ತೋರಸ್ತೀನ್ರಿ ಸಾಹೇಬ್ರ," ಅಂದಳು ಭೀಮಬಾಯಿ. "ಆದ್ರ ತಿರುಗಿ ಮಣ್ಣು ನೀವ ಕೊಡಬೇಕು. ಬೂಟು ಕಳದು."

ಸಾಹೇಬರು ಒಂಬತ್ತೂ ನೋಡಿದರು. ಬರಿಗಾಲಲ್ಲಿ ನಿಂತು ಒಂಬತ್ತಕ್ಕೂ ಮಣ್ಣು ಕೊಟ್ಟರು. ಆ ವಾರದಿಂದಲೇ ಮುಸ್ಸಂಜೆಗೆ ಯಂತ್ರ ನಿಲ್ಲುತ್ತಿದೆ.

ಎಣಿಕೆ ಮುಂದುವರಿಸಲು ಹೇಳಿದ್ದಾರೆ; ಈಗಲೂ ನಾನು ಬರೆಯುವುದು ಸೊನ್ನೆಯೇ. ಆದರೆ ಭೀಮಬಾಯಿ ಗದ್ದೆಯಿಂದ "ಇವತ್ತೂ ಇಲ್ರಿ ಸರ, ಬರಕೋರಿ" ಎಂದು ಕೂಗಿದ ಮೇಲೆ ಮಾತ್ರ.